ಟ್ರಿಪ್ಟೊಫಾನ್ ಹಾಕಿದರೂ ಹಳದಿ ಇಳಿಯಲಿಲ್ಲ: ರಿಪ್ರೆಸರ್ ಕೆಟ್ಟಿದೆಯಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಇ. ಕೋಲೈ ಬ್ಯಾಕ್ಟೀರಿಯಾದ ಟ್ರಿಪ್ ಓಪೆರಾನ್ (ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳ ಗುಂಪು; ಟ್ರಿಪ್ಟೊಫಾನ್ ಸಾಕಷ್ಟಿದ್ದರೆ ರಿಪ್ರೆಸರ್ ಅನ್ನುವ ಪ್ರೋಟೀನ್ ಅದನ್ನು ಮುಚ್ಚುತ್ತದೆ) ತೆಗೆದುಕೊಂಡಿದ್ದೇನೆ. ಟ್ರಿಪ್ ಪ್ರಮೋಟರ್‌ಗೆ, ಅಂದರೆ ಆ ಜೀನ್‌ಗಳನ್ನು ಓದಲು ಶುರುಮಾಡುವ ಜಾಗಕ್ಕೆ, ಬೀಟಾ-ಗ್ಯಾಲಕ್ಟೊಸಿಡೇಸ್ ಎಂಜೈಮ್ ಮಾಡುವ ಲ್ಯಾಕ್-ಝಡ್ ಜೀನ್ ಜೋಡಿಸಿದ ಪ್ಲಾಸ್ಮಿಡ್ (ಕ್ರೋಮೋಸೋಮಿನ ಹೊರಗಿನ ಪುಟ್ಟ ಡಿಎನ್‌ಎ ಉಂಗುರ) ಇದೆ. ತಳಿಯಲ್ಲಿ ಅದರದ್ದೇ ಲ್ಯಾಕ್-ಝಡ್ ಇಲ್ಲ. ಆ ಎಂಜೈಮ್ ಒಡೆದರೆ ಹಳದಿಯಾಗುವ ಓಎನ್‌ಪಿಜಿ ಹಾಕಿ, ಬರುವ ಹಳದಿ ಬಣ್ಣವನ್ನು 420 ನ್ಯಾನೊಮೀಟರ್‌ನಲ್ಲಿ ಅಳೆಯುತ್ತೇನೆ. ಪ್ರತಿ ಸಲ 0.1 ಮಿಲಿಲೀಟರ್ ಕಲ್ಚರ್, 10 ನಿಮಿಷ. ಟ್ರಿಪ್ಟೊಫಾನ್ ಹಾಕದ ಟ್ರಿಪ್ಟೋನ್ ಮೀಡಿಯಾದಲ್ಲಿ ಬಣ್ಣವೇ ಬರಲಿಲ್ಲ (ಓಡಿ, ಅಂದರೆ ಕೋಶಗಳು ಎಷ್ಟಿವೆ ಅಂತ ತೋರಿಸುವ ಮಬ್ಬಿನ ಅಳತೆ, 0.50; ಬಣ್ಣ 0.03). ಅಮೈನೋ ಆಮ್ಲಗಳೇ ಇಲ್ಲದ ಎಂ9 ಮೀಡಿಯಾದಲ್ಲಿ ಚೆನ್ನಾಗಿ ಬಂತು (ಓಡಿ 0.30, ಬಣ್ಣ 0.42). ಅದೇ ಎಂ9 ಫ್ಲಾಸ್ಕ್‌ಗೆ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಟ್ರಿಪ್ಟೊಫಾನ್ ಹಾಕಿ ಒಂದು ಗಂಟೆ ಕಾದೆ. ಬಣ್ಣ ಇಳಿಯಲೇ ಇಲ್ಲ, ಬದಲಿಗೆ ಒಂಚೂರು ಏರಿತು (ಓಡಿ 0.60, ಬಣ್ಣ 0.44). ಅಂದರೆ ಇರಬೇಕಾದಲ್ಲಿ ಇಲ್ಲ, ಇರಬಾರದಲ್ಲಿ ಇದೆ! ಗೈಡ್ ಮೇಡಂ "ರಿಪ್ರೆಸರ್‌ನಲ್ಲಿ ಮ್ಯುಟೇಶನ್ ಆಗಿರಬೇಕು, ಇಲ್ಲಾ ಕಂಟ್ಯಾಮಿನೇಶನ್, ಹೊಸ ತಳಿ ತರಿಸು" ಅಂದರು. ಗೆಳತಿ "ಬ್ಯಾಕ್ಟೀರಿಯಾ ಎಂ9ಗೆ ಒಗ್ಗಿಹೋಗಿದೆ" ಅಂತಾಳೆ. ಸಲ್ಲಿಸಲು ಮೂರು ವಾರ ಇದೆ. ಇನ್ನೊಂದು ವಿಷಯ. ರಿಪ್ರೆಸರ್ ಇರುವಾಗ ಅಟೆನ್ಯುಯೇಶನ್ (ಜೀನ್ ಓದುವುದು ಶುರುವಾದ ಮೇಲೆ ಮಧ್ಯದಲ್ಲೇ ನಿಲ್ಲಿಸುವ ಎರಡನೇ ತಡೆ) ಯಾಕೆ? ವೈವಾದಲ್ಲಿ "ಬ್ಯಾಕಪ್" ಅಂದರೆ ಸಾಕಾ?

ಉತ್ತರ: ನಿಮ್ಮ ರಿಪ್ರೆಸರ್ ಚೆನ್ನಾಗಿಯೇ ಇದೆ. ಹೊಸ ತಳಿ ತರಿಸುವ ಖರ್ಚು ಬೇಡ. ಅದಕ್ಕೆ ಸಾಕ್ಷಿ ನೀವೇ ಕಳಿಸಿದ ಆರು ಅಂಕಿಗಳಲ್ಲಿದೆ, ಸ್ವಲ್ಪ ಹೊತ್ತಿನಲ್ಲಿ ತೋರಿಸುತ್ತೇನೆ. ನೀವು ಎಡವಿದ್ದು ಎರಡು ಕಡೆ. ಒಂದು, ಬಾಟಲಿಯ ಲೇಬಲ್. ಇನ್ನೊಂದು, ಒಂದು ಭಾಗಾಕಾರ. ನನ್ನ ಲ್ಯಾಬಿನಲ್ಲಿ ವರ್ಷಕ್ಕೊಬ್ಬರಾದರೂ ಇದೇ ಜಾಗದಲ್ಲಿ ಎಡವುತ್ತಾರೆ. ನಾನೂ ಒಂದು ಕಾಲದಲ್ಲಿ ಎಡವಿದವನೇ.

ಮೊದಲು ಟ್ರಿಪ್ಟೋನ್ ವಿಷಯ. "ನಾನು ಟ್ರಿಪ್ಟೊಫಾನ್ ಹಾಕಿಲ್ಲ" ಅನ್ನುವುದೂ "ಮೀಡಿಯಾದಲ್ಲಿ ಟ್ರಿಪ್ಟೊಫಾನ್ ಇಲ್ಲ" ಅನ್ನುವುದೂ ಒಂದೇ ಅಲ್ಲ. ಟ್ರಿಪ್ಟೋನ್ ಅಂದರೆ ಹಾಲಿನ ಕೇಸಿನ್ ಪ್ರೋಟೀನನ್ನು ಎಂಜೈಮ್ ಹಾಕಿ ತುಂಡು ತುಂಡು ಮಾಡಿದ ಪುಡಿ. ಕೇಸಿನ್ ತೂಕದಲ್ಲಿ ಶೇ 1ಕ್ಕಿಂತ ತುಸು ಜಾಸ್ತಿಯೇ ಟ್ರಿಪ್ಟೊಫಾನ್ ಇರುತ್ತದೆ. ಲೀಟರಿಗೆ 10 ಗ್ರಾಂ ಟ್ರಿಪ್ಟೋನ್ ಹಾಕಿದರೆ ಸುಮಾರು 100 ಮಿಲಿಗ್ರಾಂ ಟ್ರಿಪ್ಟೊಫಾನ್ ಒಳಗೆ ಹೋಯಿತು. ಅಂದರೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ. ನೀವು ಎಂ9ಗೆ ಕೈಯಾರೆ ಹಾಕಿದ್ದು 50. ನಿಮ್ಮ "ಇಲ್ಲ" ಟ್ಯೂಬಿನಲ್ಲಿ "ಇದೆ" ಟ್ಯೂಬಿಗಿಂತ ಎರಡು ಪಟ್ಟು ಇತ್ತು! ಅದರಲ್ಲಿ ಬಹಳಷ್ಟು ಸಣ್ಣ ಪೆಪ್ಟೈಡ್‌ಗಳೊಳಗೆ ಸಿಕ್ಕಿಕೊಂಡಿರುತ್ತದೆ, ನಿಜ. ಆದರೆ ಇ. ಕೋಲೈ ಆ ಪೆಪ್ಟೈಡ್‌ಗಳನ್ನು ಒಳಗೆಳೆದುಕೊಂಡು ಕತ್ತರಿಸಿ ತಿನ್ನುತ್ತದೆ. ಅದಕ್ಕೆ ಅದೇನೂ ಕಷ್ಟವಲ್ಲ.

ನಂಬಿಕೆ ಬರದಿದ್ದರೆ ಬಿ.ಎಸ್ಸಿ. ಪ್ರಾಕ್ಟಿಕಲ್ ನೆನಪಿಸಿಕೊಳ್ಳಿ. ಇಂಡೋಲ್ ಟೆಸ್ಟ್ ಮಾಡಿದ್ದೀರಲ್ವಾ? ಇ. ಕೋಲೈ ಬೆಳೆಸಿ, ಕೋವ್ಯಾಕ್ಸ್ ರಿಯೇಜೆಂಟ್ ಹಾಕಿದರೆ ಮೇಲೆ ಚೆರ್ರಿ ಕೆಂಪಿನ ಉಂಗುರ. ಆ ಇಂಡೋಲ್ ಬರುವುದು ಟ್ರಿಪ್ಟೊಫಾನ್ ಒಡೆದಾಗ. ಅದಕ್ಕೆ ಬೆಳೆಸಿದ್ದು ಯಾವುದರಲ್ಲಿ? ಟ್ರಿಪ್ಟೋನ್ ನೀರಿನಲ್ಲಿ. ಟ್ರಿಪ್ಟೊಫಾನ್ ಹೇರಳವಾಗಿದೆ ಅಂತಲೇ ಅದನ್ನು ಆರಿಸಿಕೊಂಡಿರುವುದು. ಬಿ.ಎಸ್ಸಿ.ಯಲ್ಲಿ ಕೈಯಲ್ಲಿ ಹಿಡಿದ ಪುಡಿ ಎಂ.ಎಸ್ಸಿ.ಯಲ್ಲಿ ಕೈಕೊಟ್ಟಿದೆ, ಅಷ್ಟೇ.

ಹಾಗಾಗಿ ಮೊದಲ ಟ್ಯೂಬಿನಲ್ಲಿ ಬಣ್ಣ ಬರದಿದ್ದುದು ಸರಿಯಾಗಿಯೇ ಇದೆ. ಓಪೆರಾನ್ ಮುಚ್ಚಿತ್ತು, ಮುಚ್ಚಿರಬೇಕಿತ್ತು.

ಈಗ ಎರಡನೆಯದು, ಇಳಿಯದ ಹಳದಿ. ಇಲ್ಲಿ ನಿಮಗೊಂದು ಖಾನಾವಳಿ ತೋರಿಸುತ್ತೇನೆ. ದಾವಣಗೆರೆಯವರಿಗೆ ಜೋಳದ ರೊಟ್ಟಿ ಬಡಿಯುವ ಸದ್ದು ಬೇರೆಯವರು ಹೇಳಿಕೊಡಬೇಕಿಲ್ಲ.

ರೊಟ್ಟಿಯನ್ನು ಟ್ರಿಪ್ಟೊಫಾನ್ ಅಂದುಕೊಳ್ಳಿ. ಬಡಿಯುವವರು ಎಂಜೈಮ್‌ಗಳು. ಬಡಿದ ರೊಟ್ಟಿ ಬುಟ್ಟಿಗೆ ಬೀಳುತ್ತದೆ. ಮಾಲೀಕ ಬುಟ್ಟಿಯ ಮೇಲೆ ಕಣ್ಣಿಟ್ಟು ಕೂತಿದ್ದಾನೆ. ಬುಟ್ಟಿ ತುಂಬಿತು ಅಂದರೆ "ಇನ್ನು ಹೊಸಬರನ್ನು ಕರೆಯಬೇಡಿ" ಅನ್ನುತ್ತಾನೆ. ಈ ಮಾಲೀಕನೇ ರಿಪ್ರೆಸರ್. ಗಮನಿಸಿ, ಅವನು ಹೊಸಬರನ್ನು ಮಾತ್ರ ತಡೆಯುತ್ತಾನೆ. ಆಗಲೇ ಕೂತಿರುವವರನ್ನು ಮನೆಗೆ ಕಳಿಸುವ ಅಭ್ಯಾಸ ಅವನಿಗಿಲ್ಲ. ಬೀಟಾ-ಗ್ಯಾಲಕ್ಟೊಸಿಡೇಸ್ ಗಟ್ಟಿ ಎಂಜೈಮ್. ಒಮ್ಮೆ ತಯಾರಾದರೆ ಗಂಟೆಗಟ್ಟಲೆ ಹಾಗೇ ಇರುತ್ತದೆ. ಕೋಶ ಎರಡಾದಾಗ ಇದ್ದದ್ದು ಎರಡು ಪಾಲಾಗುತ್ತದೆ. ಕಡಿಮೆಯಾಗುವ ದಾರಿ ಅದೊಂದೇ.

ಹಾಗಾದರೆ ಟ್ರಿಪ್ಟೊಫಾನ್ ಹಾಕಿದ ಮೇಲೆ ಫ್ಲಾಸ್ಕ್‌ನ ಒಟ್ಟು ಹಳದಿ ಇಳಿಯಬೇಕು ಅಂತ ಯಾಕೆ ಕಾದಿರಿ? ಅದು ಇಳಿಯುವುದಿಲ್ಲ. ನಿಂತಲ್ಲಿ ನಿಲ್ಲುತ್ತದೆ. ಇಳಿಯುವುದು ಒಂದೊಂದು ಕೋಶದ ಪಾಲು. ಅದನ್ನು ನೋಡಬೇಕೆಂದರೆ ಬಣ್ಣವನ್ನು ಓಡಿಯಿಂದ ಭಾಗಿಸಬೇಕು. ಮಿಲ್ಲರ್ ಯೂನಿಟ್ ಅನ್ನುವುದು ಅದಕ್ಕೇ ಇದೆ. ಬಣ್ಣವನ್ನು 1000ದಿಂದ ಗುಣಿಸಿ. ನಿಮಿಷ, ಕಲ್ಚರ್‌ನ ಮಿಲಿಲೀಟರ್, ಓಡಿ ಈ ಮೂರರ ಗುಣಲಬ್ಧದಿಂದ ಭಾಗಿಸಿ. ನಿಮ್ಮ ಲೆಕ್ಕದಲ್ಲಿ 10 ನಿಮಿಷ ಗುಣಿಸು 0.1 ಮಿಲಿಲೀಟರ್ ಅಂದರೆ 1. ಸುಲಭವಾಯಿತು.

ಎಂ9ನಲ್ಲಿ, ಟ್ರಿಪ್ಟೊಫಾನ್ ಹಾಕುವ ಮುಂಚೆ: 420 ಭಾಗಿಸು 0.30, ಅಂದರೆ 1400 ಯೂನಿಟ್.
ಹಾಕಿ ಒಂದು ಗಂಟೆಯಾದ ಮೇಲೆ: 440 ಭಾಗಿಸು 0.60, ಅಂದರೆ 733 ಯೂನಿಟ್.

ಅರ್ಧಕ್ಕೆ ಇಳಿದಿದೆ ನೋಡಿ. ಓಡಿ 0.30ರಿಂದ 0.60 ಆಗಿದೆ, ಅಂದರೆ ಕೋಶಗಳು ಒಂದು ಸಲ ಇಮ್ಮಡಿಯಾಗಿವೆ. ಒಂದು ಇಮ್ಮಡಿಗೆ ಅರ್ಧ. ಪುಸ್ತಕದಲ್ಲಿ ಇರುವ ಹಾಗೇ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ, ನನಗೆ ಇದು ಹೆಚ್ಚು ಇಷ್ಟ. ರಿಪ್ರೆಸರ್ ಸತ್ತುಹೋಗಿದ್ದರೆ ಏನಾಗಬೇಕಿತ್ತು? ಕೋಶಗಳು ಇಮ್ಮಡಿಯಾದಾಗ ಎಂಜೈಮೂ ಇಮ್ಮಡಿಯಾಗಿ ಬಣ್ಣ 0.84 ಬರಬೇಕಿತ್ತು. 0.42 ಹೊಸದಾಗಿ ಸೇರಬೇಕಿತ್ತು. ಸೇರಿದ್ದು 0.02. ಹೊಸ ತಯಾರಿ ಶೇ 5ಕ್ಕೆ ಕುಸಿದಿದೆ. ಈಗ ಟ್ರಿಪ್ಟೋನ್ ಟ್ಯೂಬ್ ತೆಗೆಯಿರಿ. 30 ಭಾಗಿಸು 0.50, ಅಂದರೆ 60 ಯೂನಿಟ್. 1400ರಲ್ಲಿ 60 ಎಷ್ಟು? ಶೇ 4ಕ್ಕೆ ಸ್ವಲ್ಪ ಜಾಸ್ತಿ. ಬೇರೆ ಬೇರೆ ಎರಡು ದಾರಿಯಲ್ಲಿ ಹೋಗಿ ಒಂದೇ ಊರು ತಲುಪಿದ್ದೀರಿ. 0.02 ಅನ್ನುವುದು ಸಣ್ಣ ಅಂಕಿ, ಯಂತ್ರದ ತಪ್ಪಿನಲ್ಲೇ ಮುಚ್ಚಿಹೋಗಬಹುದು, ಒಂದೇ ಸಲದ ಅಳತೆ ಬೇರೆ. ಆದರೂ ಕೆಟ್ಟ ರಿಪ್ರೆಸರ್ ಇಂಥ ಅಂಕಿ ಕೊಡುವುದಿಲ್ಲ. ಕಂಟ್ಯಾಮಿನೇಶನ್ ಕೂಡ ಇಷ್ಟು ಶಿಸ್ತಾಗಿ ಟ್ರಿಪ್ಟೊಫಾನ್ ಮಾತು ಕೇಳುವುದಿಲ್ಲ. ಮೇಡಂ ಅವರಿಗೆ ಇದೇ ಲೆಕ್ಕ ತೋರಿಸಿ, ಒಪ್ಪುತ್ತಾರೆ.

ಉಳಿದ ಆ ಶೇ 5 ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಬಹುದು. ಒಂದು ಮುಖ್ಯ ಕಾರಣ ನಿಮ್ಮ ಪ್ಲಾಸ್ಮಿಡ್ ಇರಬಹುದು. ಬ್ಯಾಕ್ಟೀರಿಯಾದ ಸ್ವಂತ ಕ್ರೋಮೋಸೋಮಿನಲ್ಲಿ ಟ್ರಿಪ್ ಓಪೆರಾನ್‌ನ ಬಾಗಿಲು ಒಂದೇ. ಪ್ಲಾಸ್ಮಿಡ್ ಹತ್ತಾರು ಪ್ರತಿ ಇದ್ದರೆ ಬಾಗಿಲೂ ಹತ್ತಾರು. ಕಾವಲು ಕಾಯುವ ರಿಪ್ರೆಸರ್ ಅಣುಗಳು ಇರುವುದು ಲೆಕ್ಕದಷ್ಟೇ. ಎಲ್ಲ ಬಾಗಿಲನ್ನೂ ಎಲ್ಲ ಹೊತ್ತಿನಲ್ಲೂ ಮುಚ್ಚಲು ಅವು ಸಾಲುವುದಿಲ್ಲ. ಅಲ್ಲಲ್ಲಿ ಸೋರುತ್ತದೆ.

ಖಾನಾವಳಿಗೆ ವಾಪಸ್ ಬರೋಣ, ಅಲ್ಲಿ ಇನ್ನೂ ಇಬ್ಬರ ಪರಿಚಯ ಬಾಕಿ ಇದೆ.

ಮಾಲೀಕ ಹೊಸಬರನ್ನು ತಡೆದರೂ ಇದ್ದವರು ಬಡಿಯುತ್ತಲೇ ಇದ್ದರೆ ರೊಟ್ಟಿ ವ್ಯರ್ಥ ಅಲ್ವಾ? ಆಗುವುದಿಲ್ಲ. ಬುಟ್ಟಿ ತುಂಬಿದ್ದು ಕಂಡ ಕೂಡಲೇ ಮೊದಲ ಹಿಟ್ಟು ನಾದುವವಳೇ ಕೈ ನಿಲ್ಲಿಸುತ್ತಾಳೆ. ಟ್ರಿಪ್ಟೊಫಾನ್ ತಯಾರಿಯ ದಾರಿ ಕೊರಿಸ್ಮೇಟ್ ಅನ್ನುವ ಅಣುವಿನಿಂದ ಶುರು. ಅದರ ಮೊದಲ ಹೆಜ್ಜೆಯ ಎಂಜೈಮ್ ಆಂಥ್ರನಿಲೇಟ್ ಸಿಂಥೇಸ್. ಕೊನೆಯ ಸರಕಾದ ಟ್ರಿಪ್ಟೊಫಾನೇ ಬಂದು ಆ ಮೊದಲ ಎಂಜೈಮಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಇದೇ ಫೀಡ್‌ಬ್ಯಾಕ್ ಇನ್‌ಹಿಬಿಶನ್. ಜೀನ್‌ಗೂ ಇದಕ್ಕೂ ಸಂಬಂಧವಿಲ್ಲ. ಟ್ರಿಪ್ಟೊಫಾನ್ ಕೋಶದೊಳಗೆ ಸೇರುತ್ತಿದ್ದಂತೆಯೇ ಶುರುವಾಗುತ್ತದೆ, ಖಾಲಿಯಾಗುತ್ತಿದ್ದಂತೆಯೇ ಬಿಡುತ್ತದೆ. 1954ರಲ್ಲಿ ನೋವಿಕ್ ಮತ್ತು ಸಿಲಾರ್ಡ್ ಇದರ ಸುಳಿವು ಕಂಡದ್ದು ಇದೇ ಟ್ರಿಪ್ಟೊಫಾನ್ ದಾರಿಯಲ್ಲಿ. ಹೌದು, ಆ ಸಿಲಾರ್ಡ್ ಪರಮಾಣು ಸರಪಳಿ ಕ್ರಿಯೆಯ ಕಲ್ಪನೆ ಕೊಟ್ಟ ಅದೇ ಲಿಯೊ ಸಿಲಾರ್ಡ್. ಆಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತ ಕೂತಿದ್ದರು.

ನಿಮ್ಮ ಪ್ರಯೋಗದಲ್ಲಿ ಇದು ಯಾಕೆ ಕಾಣಲಿಲ್ಲ? ನೀವು ರೊಟ್ಟಿ ಬಡಿಯುವವರ ಜಾಗದಲ್ಲಿ ಹಳದಿ ಬಣ್ಣ ಮಾಡುವವರನ್ನು ಕೂರಿಸಿದ್ದೀರಿ. ಕರೆಯುವ ಮಾಲೀಕ ಅದೇ ಮಾಲೀಕ. ಆದರೆ ಬುಟ್ಟಿ ತುಂಬಿತೋ ಬಿಟ್ಟಿತೋ ಇವರಿಗೇನು? ಟ್ರಿಪ್ಟೊಫಾನ್ ಎಷ್ಟೇ ಇದ್ದರೂ ಬೀಟಾ-ಗ್ಯಾಲಕ್ಟೊಸಿಡೇಸ್ ಕೈ ನಿಲ್ಲಿಸುವುದಿಲ್ಲ. ನಿಜವಾದ ಓಪೆರಾನ್‌ನಲ್ಲಿ ತಯಾರಿ ಕೂಡಲೇ ನಿಲ್ಲುತ್ತದೆ, ನಿಮ್ಮ ಟ್ಯೂಬಿನಲ್ಲಿ ಬಣ್ಣ ಹಾಗೇ ನಿಲ್ಲುತ್ತದೆ. ನೀವು ನೋಡಿದ್ದು ಅತಿ ನಿಧಾನದ ಗಡಿಯಾರವನ್ನು.

ರಿಪ್ರೆಸರ್ ಬಗ್ಗೆಯೂ ಒಂದು ಮಾತು. ಲ್ಯಾಕ್ ಓಪೆರಾನ್ ಓದಿ ಬಂದವರು ಇಲ್ಲಿ ತಿರುವುಮುರುವು ಮಾಡಿಕೊಳ್ಳುತ್ತಾರೆ. ಅಲ್ಲಿ ಸಕ್ಕರೆಯ ಅಣು ಬಂದು ರಿಪ್ರೆಸರನ್ನು ಡಿಎನ್‌ಎಯಿಂದ ಬಿಡಿಸುತ್ತದೆ. ಇಲ್ಲಿ ಟ್ರಿಪ್ಟೊಫಾನ್ ಬಂದು ಅದನ್ನು ಡಿಎನ್‌ಎಗೆ ಕೂರಿಸುತ್ತದೆ. ಟ್ರಿಪ್ ರಿಪ್ರೆಸರ್ ಜೋಡಿ ಪ್ರೋಟೀನ್. ಎರಡು ಕಡೆಯೂ ಒಂದೊಂದು ಟ್ರಿಪ್ಟೊಫಾನ್ ಕೂತಾಗ ಮಾತ್ರ ಅದರ ಎರಡು ಕೈಗಳು ಡಿಎನ್‌ಎಯ ಸುರುಳಿ ತಗ್ಗಿಗೆ ಸರಿಯಾಗಿ ಹೊಂದುತ್ತವೆ. ಟ್ರಿಪ್ಟೊಫಾನ್ ಇಲ್ಲದಿದ್ದರೆ ಕೈ ಒಳಕ್ಕೆ ಮಡಚಿಕೊಂಡು ಹಿಡಿತ ಸಿಗುವುದಿಲ್ಲ.

ಈಗ ಅಟೆನ್ಯುಯೇಶನ್. "ಬ್ಯಾಕಪ್" ಅಂತ ಬರೆಯಬೇಡಿ. ಅರ್ಧ ಅಂಕ ಸಿಗಬಹುದು, ಆದರೆ ತಪ್ಪು. ಬ್ಯಾಕಪ್ ಅಂದರೆ ಮೊದಲನೆಯದು ಕೆಟ್ಟಾಗ ಕೆಲಸಕ್ಕೆ ಬರುವುದು, ಮನೆಯ ಯುಪಿಎಸ್ ಇದ್ದ ಹಾಗೆ. ಇದು ಹಾಗಲ್ಲ. ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ ಮತ್ತು ಎರಡೂ ನೋಡುವುದು ಬೇರೆ ಬೇರೆ ವಸ್ತುವನ್ನು.

ಖಾನಾವಳಿಯ ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದಾನೆ. ಇವನು ಬುಟ್ಟಿ ನೋಡುವುದಿಲ್ಲ. ಬಡಿಸುವವರ ತಟ್ಟೆ ನೋಡುತ್ತಾನೆ. ರೊಟ್ಟಿ ಬುಟ್ಟಿಯಲ್ಲಿದ್ದರೆ ಆಯಿತಾ, ಎಲೆಗೆ ಹೋಗಬೇಕಲ್ಲ. ಬಡಿಸುವವರ ತಟ್ಟೆ ತುಂಬಿದ್ದರೆ, ಮಾಲೀಕ ಕರೆಸಿದ ಹೊಸಬರನ್ನೂ ಇವನು ಹೊಸ್ತಿಲಿಂದಲೇ ವಾಪಸ್ ಕಳಿಸುತ್ತಾನೆ. ತಟ್ಟೆ ಖಾಲಿ ಇದ್ದರೆ ಒಳಗೆ ಬಿಡುತ್ತಾನೆ. ಕೋಶದಲ್ಲಿ ಬಡಿಸುವವರು ಅಂದರೆ ಟಿಆರ್‌ಎನ್‌ಎ, ಪ್ರೋಟೀನ್ ಕಟ್ಟುವಲ್ಲಿಗೆ ಅಮೈನೋ ಆಮ್ಲ ಹೊತ್ತೊಯ್ಯುವ ಅಣುಗಳು. ಟ್ರಿಪ್ಟೊಫಾನ್ ಹೊತ್ತ ಟಿಆರ್‌ಎನ್‌ಎ ಸಾಕಷ್ಟಿದೆಯಾ ಅನ್ನುವುದೇ ಅಟೆನ್ಯುಯೇಶನ್ ಕೇಳುವ ಪ್ರಶ್ನೆ.

ಕೇಳುವ ರೀತಿ ಮಾತ್ರ ಭಾರಿ ಜಾಣತನದ್ದು. ನಾನು ಎಷ್ಟು ವರ್ಷ ಪಾಠ ಮಾಡಿದರೂ ಈ ಭಾಗಕ್ಕೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಎರಡೂ ಕೈಯಲ್ಲಿ ತೋರಿಸಬೇಕು ಅನಿಸುತ್ತದೆ. ಟ್ರಿಪ್ ಓಪೆರಾನ್‌ನ ಐದು ಜೀನ್‌ಗಳಿಗೂ ಮುಂಚೆ ಎಂಆರ್‌ಎನ್‌ಎಯಲ್ಲಿ (ಜೀನಿನ ಆರ್‌ಎನ್‌ಎ ಪ್ರತಿಯಲ್ಲಿ) 162 ಅಕ್ಷರದ ಒಂದು ಪೀಠಿಕೆ ಇದೆ, ಲೀಡರ್ ಅನ್ನುತ್ತಾರೆ. ಅದರಲ್ಲೊಂದು ಪುಟ್ಟ ಪೆಪ್ಟೈಡ್‌ನ ಸಂಕೇತ, ಬರೀ 14 ಅಮೈನೋ ಆಮ್ಲ. ಆ 14ರಲ್ಲಿ ಹತ್ತನೆಯದೂ ಹನ್ನೊಂದನೆಯದೂ ಟ್ರಿಪ್ಟೊಫಾನ್. ಟ್ರಿಪ್ಟೊಫಾನ್ ಪ್ರೋಟೀನುಗಳಲ್ಲಿ ಅಪರೂಪ, ನೂರಕ್ಕೆ ಒಂದೋ ಒಂದೂವರೆಯೋ. 14ರಲ್ಲಿ ಎರಡು, ಅದೂ ಅಕ್ಕಪಕ್ಕ, ಸುಮ್ನೆ ಆಗುವಂಥದ್ದಲ್ಲ.

ಬ್ಯಾಕ್ಟೀರಿಯಾದಲ್ಲಿ ಎಂಆರ್‌ಎನ್‌ಎ ಬರೆಯುತ್ತಿರುವಾಗಲೇ ರೈಬೋಸೋಮ್ ಅದರ ಬೆನ್ನು ಹತ್ತಿ ಓದುತ್ತಾ ಬರುತ್ತದೆ. ಮುಂದೆ ಬರೆಯುವ ಪಾಲಿಮರೇಸ್, ಹಿಂದೆ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್. ಲೀಡರ್‌ನಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ನಾಲ್ಕು ತುಂಡುಗಳಿವೆ ಅಂದುಕೊಳ್ಳಿ. ಎರಡು ಬೇಕಾದರೆ ಮೂರನ್ನು ಹಿಡಿದುಕೊಳ್ಳಬಲ್ಲದು. ಮೂರು ಬೇಕಾದರೆ ನಾಲ್ಕನ್ನು ಹಿಡಿದುಕೊಳ್ಳಬಲ್ಲದು. ಮೂರಕ್ಕೆ ಕೈ ಒಂದೇ, ಇಬ್ಬರನ್ನೂ ಹಿಡಿಯಲಾಗದು. ಮೂರು-ನಾಲ್ಕು ಜೋಡಿಯಾದರೆ ಪಾಲಿಮರೇಸ್‌ಗೆ ನಿಲ್ಲು ಅನ್ನುವ ಸೂಚನೆ. ಸುಮಾರು 140 ಅಕ್ಷರ ಬರೆದು ಅದು ಬಿಟ್ಟೆದ್ದು ಹೋಗುತ್ತದೆ. ಎರಡು-ಮೂರು ಜೋಡಿಯಾದರೆ ಆ ಸೂಚನೆಯೇ ಹುಟ್ಟುವುದಿಲ್ಲ, ಪಾಲಿಮರೇಸ್ ಜೀನ್‌ಗಳ ಕಡೆ ಹೋಗುತ್ತದೆ.

ಯಾವ ಜೋಡಿ ಆಗಬೇಕು ಅಂತ ತೀರ್ಮಾನಿಸುವುದು ರೈಬೋಸೋಮ್ ನಿಂತ ಜಾಗ. ಟ್ರಿಪ್ಟೊಫಾನ್ ಹೊತ್ತ ಟಿಆರ್‌ಎನ್‌ಎ ಇಲ್ಲದಿದ್ದರೆ ರೈಬೋಸೋಮ್ ಟ್ರಿಪ್ಟೊಫಾನ್‌ನ ಆ ಎರಡು ಕೋಡಾನ್ (ಮೂರಕ್ಷರದ ಸಂಕೇತ) ಮೇಲೆ ಕಾಯುತ್ತಾ ಕೂರುತ್ತದೆ. ಅಲ್ಲಿ ಕೂತರೆ ಒಂದನೇ ತುಂಡು ಅದರಡಿ ಮುಚ್ಚಿಹೋಯಿತು, ಎರಡನೆಯದು ಖಾಲಿ ಇದೆ, ಮೂರು ಬರುತ್ತಿದ್ದಂತೆ ಹಿಡಿದುಕೊಂಡಿತು. ಜೀನ್‌ಗಳಿಗೆ ದಾರಿ ತೆರೆಯಿತು. ಟಿಆರ್‌ಎನ್‌ಎ ಸಾಕಷ್ಟಿದ್ದರೆ ರೈಬೋಸೋಮ್ ತಡೆಯಿಲ್ಲದೆ ಪೆಪ್ಟೈಡ್ ಮುಗಿಸಿ ಎರಡನೇ ತುಂಡಿನ ಮೇಲೆ ಹೋಗಿ ಕೂರುತ್ತದೆ. ಮೂರಕ್ಕೆ ಎರಡು ಸಿಗುವುದಿಲ್ಲ, ನಾಲ್ಕನ್ನು ಹಿಡಿಯುತ್ತದೆ. ದಾರಿ ಬಂದ್. ಆ ಪುಟ್ಟ ಪೆಪ್ಟೈಡ್‌ನಿಂದ ಬೇರೆ ಉಪಯೋಗವಿಲ್ಲ. ಅದನ್ನು ಓದಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದಷ್ಟೇ ಮುಖ್ಯ.

ಇದು ಹೊರಬಂದದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಚಾರ್ಲ್ಸ್ ಯಾನೊಫ್‌ಸ್ಕಿ ಲ್ಯಾಬಿನಿಂದ. 1973ರಲ್ಲಿ ಎಥೆಲ್ ಜ್ಯಾಕ್ಸನ್ ಮತ್ತು ಯಾನೊಫ್‌ಸ್ಕಿ, ಆಪರೇಟರ್ (ರಿಪ್ರೆಸರ್ ಕೂರುವ ಡಿಎನ್‌ಎ ಜಾಗ) ಮತ್ತು ಮೊದಲ ಜೀನ್ ನಡುವಿನ ಭಾಗ ಕಳೆದುಹೋದ ತಳಿಗಳನ್ನು ನೋಡುತ್ತಿದ್ದರು. ಆ ತುಂಡು ಹೋದರೆ ಓಪೆರಾನ್ ಕೆಲಸ ಜಾಸ್ತಿಯಾಗುತ್ತಿತ್ತು. ರಿಪ್ರೆಸರ್ ಇಲ್ಲದ ತಳಿಯಲ್ಲೂ ಜಾಸ್ತಿಯಾಗುತ್ತಿತ್ತು! ರಿಪ್ರೆಸರೇ ಇಲ್ಲದ ಮೇಲೆ ತಡೆಯುತ್ತಿದ್ದವರು ಯಾರು? ಆ ಒಂದು ಅನುಮಾನದಿಂದ ಅಟೆನ್ಯುಯೇಶನ್ ಹೊರಬಂತು.

ಅಂಕಿಯಲ್ಲಿ ಹೇಳುವುದಾದರೆ, ರಿಪ್ರೆಸರ್ ಒಂದೇ ಓಪೆರಾನನ್ನು ಸುಮಾರು 70 ಪಟ್ಟು ತಗ್ಗಿಸುತ್ತದೆ. ಅಟೆನ್ಯುಯೇಶನ್ 8ರಿಂದ 10 ಪಟ್ಟು. ಎರಡೂ ಕೂಡುವುದಿಲ್ಲ, ಗುಣಿಸುತ್ತವೆ. ಒಟ್ಟು 600-700 ಪಟ್ಟು. ವೈವಾದಲ್ಲಿ ಇದಿಷ್ಟು ಹೇಳಿ, ಸಾಕು. ಇನ್ನೂ ಕೆದಕಿದರೆ, ಟ್ರಿಪ್ಟೊಫಾನ್ ಸ್ವಲ್ಪ ಕಡಿಮೆಯಾದಾಗ ಮೊದಲು ಸಡಿಲವಾಗುವುದು ರಿಪ್ರೆಸರ್, ತೀರಾ ಬರ ಬಿದ್ದಾಗ ಮಾತ್ರ ಅಟೆನ್ಯುಯೇಟರ್ ಬಿಡುತ್ತದೆ ಅಂತ ಸೇರಿಸಿ. ಹಾಗಾಗಿ ಇದು ಲೈಟ್ ಸ್ವಿಚ್ ಅಲ್ಲ, ಫ್ಯಾನ್ ರೆಗ್ಯುಲೇಟರ್.

ಎಲ್ಲ ಬ್ಯಾಕ್ಟೀರಿಯಾದಲ್ಲೂ ಹೀಗೇ ಅಂತ ಮಾತ್ರ ಹೇಳಬೇಡಿ. ಸಾಲ್ಮೊನೆಲ್ಲಾದ ಹಿಸ್ಟಿಡಿನ್ ಓಪೆರಾನ್‌ಗೆ ಇಂಥ ರಿಪ್ರೆಸರೇ ಇಲ್ಲ, ಅಟೆನ್ಯುಯೇಶನ್ ಮೇಲೆಯೇ ನಡೆಯುತ್ತದೆ. ಅದರ ಲೀಡರ್‌ನಲ್ಲಿ ಒಂದರ ಹಿಂದೆ ಒಂದು ಏಳು ಹಿಸ್ಟಿಡಿನ್ ಕೋಡಾನ್. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಂತೂ ಟ್ರ್ಯಾಪ್ ಅನ್ನುವ ಹನ್ನೊಂದು ಹೋಳಿನ ಉಂಗುರದಂಥ ಪ್ರೋಟೀನ್ ಇದೆ. ಟ್ರಿಪ್ಟೊಫಾನ್ ಕೂತಾಗ ಎಂಆರ್‌ಎನ್‌ಎಯನ್ನು ತನ್ನ ಸುತ್ತ ದಾರದ ಹಾಗೆ ಸುತ್ತಿಕೊಳ್ಳುತ್ತದೆ. ರೈಬೋಸೋಮ್‌ನ ಆ ಆಟ ಅಲ್ಲಿಲ್ಲ.

ಗೆಳತಿ ಹೇಳಿದ "ಒಗ್ಗಿಹೋಗಿದೆ" ಅನ್ನುವ ಮಾತಿಗೆ: ಒಂದು ಗಂಟೆಯಲ್ಲಿ, ಒಂದು ಸಲ ಇಮ್ಮಡಿಯಾಗುವಷ್ಟರಲ್ಲಿ, ಇಡೀ ಫ್ಲಾಸ್ಕ್‌ನ ಬ್ಯಾಕ್ಟೀರಿಯಾ ರಿಪ್ರೆಸರ್ ಕಳೆದುಕೊಳ್ಳುವುದು ಸಾಧ್ಯವಿಲ್ಲ. ಆ ಮಾತು ಬಿಟ್ಟುಬಿಡಿ.

ಇನ್ನು ಮೂರು ವಾರದಲ್ಲಿ ಏನು ಮಾಡಬಹುದು ನೋಡೋಣ.

ನನ್ನ ಸಲಹೆ ಕೇಸಮೈನೋ ಆಮ್ಲ ಹಾಕಿದ ಎಂ9. ಎರಡೂ ಫ್ಲಾಸ್ಕ್‌ಗೆ ಅದೇ ಮೀಡಿಯಾ, ಒಂದಕ್ಕೆ ಮಾತ್ರ ಟ್ರಿಪ್ಟೊಫಾನ್. "ಅದೂ ಕೇಸಿನ್‌ನಿಂದಲೇ ಮಾಡಿದ್ದಲ್ವಾ, ಮತ್ತೆ ಟ್ರಿಪ್ಟೊಫಾನ್ ಬಂತಲ್ಲ" ಅಂತ ನೀವು ಕೇಳಬೇಕು. ಕೇಳಿದರೆ ಒಳ್ಳೆಯ ಪ್ರಶ್ನೆ. ಕೇಸಮೈನೋ ಆಮ್ಲ ಮಾಡುವುದು ಎಂಜೈಮ್‌ನಿಂದಲ್ಲ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ. ಆಮ್ಲದಲ್ಲಿ ಕುದಿಸಿದರೆ ಟ್ರಿಪ್ಟೊಫಾನ್ ನಾಶವಾಗುತ್ತದೆ. ಉಳಿದ ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಅಂದರೆ ಊಟ ಪೂರ್ತಿ ಬಡಿಸಿ ರೊಟ್ಟಿ ಒಂದನ್ನೇ ಕೊಡದ ಹಾಗೆ. ನಿಮಗೆ ಬೇಕಾದ್ದು ಅದೇ ತಾನೇ? ಬೆಳವಣಿಗೆಯೂ ಬರಿ ಎಂ9ಗಿಂತ ಚುರುಕು. ಆದರೆ ಬಾಟಲಿ ತೆಗೆಯುವಾಗ ಲೇಬಲ್ ಪೂರ್ತಿ ಓದಿ. "ಆಸಿಡ್ ಹೈಡ್ರೊಲೈಸೇಟ್" ಅಂತಿರಬೇಕು. "ಎಂಜೈಮ್ ಹೈಡ್ರೊಲೈಸೇಟ್" ಅಂತಿದ್ದರೆ ಅದು ಟ್ರಿಪ್ಟೋನೇ, ಬೇರೆ ಹೆಸರಲ್ಲಿ. ಎರಡು ಬಾಟಲಿಗಳೂ ಒಂದೇ ಬಣ್ಣ, ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಇಲ್ಲಿನ ಅಪಾಯ ಎರಡು. ರಾತ್ರಿ ಬೆಳೆಸಿದ ಟ್ರಿಪ್ಟೋನ್ ಕಲ್ಚರನ್ನು ನೇರ ಸುರಿದರೆ ಹಳೆಯ ಟ್ರಿಪ್ಟೊಫಾನೂ ಜೊತೆಗೆ ಬರುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಎಂ9 ಲವಣದಲ್ಲಿ ಎರಡು ಸಲ ತೊಳೆಯಿರಿ. ಎರಡನೆಯದು, ತಳಿಯ ಜೀನೋಟೈಪ್ ನೋಡಿ. ಅದರಲ್ಲಿ ಟ್ರಿಪ್ ಜೀನೇ ಇಲ್ಲದಿದ್ದರೆ ಟ್ರಿಪ್ಟೊಫಾನ್ ಇಲ್ಲದೆ ಬೆಳೆಯುವುದೇ ಇಲ್ಲ. ನಿಮ್ಮದು ಬರಿ ಎಂ9ನಲ್ಲಿ ಬೆಳೆದಿರುವುದರಿಂದ ಆ ಚಿಂತೆ ಇಲ್ಲ.

ಎರಡನೇ ದಾರಿ ಇಂಡೋಲ್ ಅಕ್ರಿಲಿಕ್ ಆಮ್ಲ. ನೋಡಲು ಟ್ರಿಪ್ಟೊಫಾನ್ ಥರ. ರಿಪ್ರೆಸರ್‌ನಲ್ಲಿ ಅದರ ಜಾಗ ಹಿಡಿದು ಕೂರುತ್ತದೆ, ಆದರೆ ರಿಪ್ರೆಸರ್‌ಗೆ ಡಿಎನ್‌ಎ ಹಿಡಿಯಲು ಬಿಡುವುದಿಲ್ಲ. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಸಾಕು. ಎಥನಾಲ್‌ನಲ್ಲಿ ಕರಗಿಸುವುದರಿಂದ ಬರಿ ಎಥನಾಲ್ ಹಾಕಿದ ಕಂಟ್ರೋಲ್ ಇಡಲೇಬೇಕು. ಮೀಡಿಯಾದಲ್ಲಿ ಟ್ರಿಪ್ಟೊಫಾನ್ ತುಂಬಿದ್ದರೆ ಪೈಪೋಟಿಯಲ್ಲಿ ಇದು ಸೋಲುತ್ತದೆ, ಹಾಗಾಗಿ ಟ್ರಿಪ್ಟೋನ್ ಜೊತೆ ಪ್ರಯತ್ನಿಸಬೇಡಿ. ಟಿಆರ್‌ಎನ್‌ಎಗೆ ಟ್ರಿಪ್ಟೊಫಾನ್ ಹೊರಿಸುವ ಎಂಜೈಮನ್ನೂ ತಡೆಯುವುದರಿಂದ ಬೆಳವಣಿಗೆ ನಿಧಾನವಾಗುತ್ತದೆ. ಓಡಿಯಿಂದ ಭಾಗಿಸುವುದನ್ನು ಇಲ್ಲಂತೂ ಮರೆಯುವಂತಿಲ್ಲ.

ಈ ರಾಸಾಯನಿಕದ ಜೊತೆ ನನ್ನದೊಂದು ಹಳೆಯ ಎಡವಟ್ಟು ಇದೆ. ಪ್ರೋಟೋಕಾಲ್‌ನಲ್ಲಿ ಚುಟುಕಾಗಿ "ಐಎಎ" ಅಂತಿತ್ತು. ಪಕ್ಕದ ಟಿಶ್ಯೂ ಕಲ್ಚರ್ ಲ್ಯಾಬಿನ ಫ್ರಿಜ್‌ನಲ್ಲಿ "ಐಎಎ" ಬಾಟಲಿ ಸಿಕ್ಕಿತು. ಖುಷಿಯಿಂದ ತಂದು ಹಾಕಿದೆ, ಎರಡು ವಾರ ಏನೂ ಆಗಲಿಲ್ಲ. ಅದು ಇಂಡೋಲ್ ಅಸಿಟಿಕ್ ಆಮ್ಲ. ಬಾಳೆ ಸಸಿಗೆ ಬೇರು ಬರಿಸುವ ಆಕ್ಸಿನ್! ಅಯೋಡೋ ಅಸಿಟಮೈಡ್‌ಗೂ ಅದೇ ಮೂರಕ್ಷರ, ಅದು ವಿಷ. ಪೂರ್ತಿ ಹೆಸರು ಓದದೆ ಮುಚ್ಚಳ ತೆಗೆಯಬೇಡಿ.

ಮೂರನೆಯದು, ರಿಪ್ರೆಸರ್ ಜೀನ್ ಕಳೆದ ತಳಿ. ಕಂಟ್ರೋಲ್ ಆಗಿ ಚಿನ್ನದಂಥದ್ದು. ಟ್ರಿಪ್ಟೊಫಾನ್ ಹಾಕಿದರೂ ಬಣ್ಣ ಅಷ್ಟೇ ಬರಬೇಕು. ಹತ್ತಿರದ ಯಾವುದಾದರೂ ಲ್ಯಾಬಿನಲ್ಲಿ ಸಿಕ್ಕರೆ ತನ್ನಿ, ಸಿಗದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಪ್ರಮೋಟರನ್ನೇ ಬದಲಿಸುವ ಯೋಚನೆ ಬೇಡವೇ ಬೇಡ. ಮೂರು ವಾರದಲ್ಲಿ ಆಗುವ ಕೆಲಸವಲ್ಲ, ಆಯಿತೆಂದೇ ಇಟ್ಟುಕೊಂಡರೂ ಪ್ರಾಜೆಕ್ಟ್‌ನ ಪ್ರಶ್ನೆಯೇ ಬದಲಾಗುತ್ತದೆ.

ಅಳತೆ ಹೇಗೆ? ಟ್ರಿಪ್ಟೊಫಾನ್ ಹಾಕಿದ ಕ್ಷಣದಿಂದ ಎರಡು ಗಂಟೆ, 15 ನಿಮಿಷಕ್ಕೊಂದು ಸಲ ಓಡಿ ಮತ್ತು ಬಣ್ಣ ತೆಗೆಯಿರಿ. ಗ್ರಾಫ್‌ನ ಅಡ್ಡಗೆರೆಯಲ್ಲಿ ಸಮಯ ಹಾಕಬೇಡಿ, ಓಡಿ ಹಾಕಿ. ಲಂಬಗೆರೆಯಲ್ಲಿ ಒಟ್ಟು ಬಣ್ಣ. 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಜಾಕ್ ಮೊನೋ ಅವರ ಗುಂಪು ಹೀಗೇ ಎಳೆಯುತ್ತಿತ್ತು. ಟ್ರಿಪ್ಟೊಫಾನ್ ಇಲ್ಲದ ಫ್ಲಾಸ್ಕ್‌ನ ಗೆರೆ ಏರುತ್ತಲೇ ಹೋಗುತ್ತದೆ. ಹಾಕಿದ ಫ್ಲಾಸ್ಕ್‌ನ ಗೆರೆ, ಹಾಕಿದ ಬಿಂದುವಿನಲ್ಲೇ ಮಗ್ಗುಲು ತಿರುಗಿ ಮಲಗುತ್ತದೆ. ನೀವು ಈಗಾಗಲೇ ತೆಗೆದ ಎರಡು ಬಿಂದು ಆ ಮಲಗಿದ ಗೆರೆಯದೇ.

ಟ್ರಿಪ್ಟೊಫಾನ್ ದ್ರಾವಣವನ್ನು ಆಟೋಕ್ಲೇವ್ ಮಾಡದೆ ಫಿಲ್ಟರ್ ಮಾಡಿ, ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಡಿ. ಬೆಳಕಿಗೆ ಬಿಟ್ಟರೆ ಕಂದಾಗುತ್ತದೆ. ಬಾಟಲಿಯಲ್ಲಿ "ಎಲ್" ಅಂತಿದೆಯೋ "ಡಿಎಲ್" ಅಂತಿದೆಯೋ ನೋಡಿ. ಡಿಎಲ್ ಆಗಿದ್ದರೆ ಎರಡು ಪಟ್ಟು ತೂಗಿ, ಅದರಲ್ಲಿ ಅರ್ಧವೇ ನಿಮ್ಮ ಕೆಲಸಕ್ಕೆ ಬರುವುದು.

ಕೊನೆಗೆ ಪ್ಲಾಸ್ಮಿಡ್ ನಕ್ಷೆ ಒಮ್ಮೆ ತೆಗೆದು ನೋಡಿ. ಟ್ರಿಪ್ ಪ್ರಮೋಟರ್ ಇರುವ ಎಷ್ಟೋ ಪ್ಲಾಸ್ಮಿಡ್‌ಗಳಲ್ಲಿ ಲೀಡರ್ ಭಾಗವನ್ನು ಬೇಕೆಂದೇ ಕತ್ತರಿಸಿರುತ್ತಾರೆ, ಕೆಲಸ ಜಾಸ್ತಿ ಆಗಲಿ ಅಂತ. ನಿಮ್ಮದರಲ್ಲೂ ಕತ್ತರಿಸಿದ್ದರೆ ನೀವು ಅಳೆದದ್ದು ರಿಪ್ರೆಸರ್ ಕೆಲಸವನ್ನಷ್ಟೇ, ಅಟೆನ್ಯುಯೇಶನ್ ನಿಮ್ಮ ಟ್ಯೂಬಿನಲ್ಲಿ ಇರಲೇ ಇಲ್ಲ. ಪ್ರಾಜೆಕ್ಟ್ ವರದಿಯ ಶೀರ್ಷಿಕೆಯಲ್ಲಿ ಆ ಪದ ಸೇರಿಸಿದ್ದರೆ ಬೈಂಡಿಂಗ್‌ಗೆ ಕೊಡುವ ಮುಂಚೆ ತೆಗೆದುಬಿಡಿ.